‘ಲವ್’: ಒಂದು ಪದ, ಹಲವು ಅರ್ಥ

ಕೆಲವು ವರ್ಷಗಳ ಹಿಂದೆ ಒಂದು ವಿವಾಹದ ಬಲಿಪೂಜೆಯಲ್ಲಿ ನಾನು ಪ್ರಬೋಧನೆ ನೀಡಿದೆ. ಸೆಮಿನರಿಯ ದಿನಗಳಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದ ವಿಷಯವೇ ಅಂದೂ ನನ್ನ ನೆರವಿಗೆ ಬಂದಿತ್ತು. ಇಂಗ್ಲಿಷಿನಲ್ಲಿ ‘ಲವ್’ ಎಂಬ ಒಂದೇ ಪದವಿದೆ. ಗ್ರೀಕರಿಗಾದರೋ ನಾಲ್ಕು ಪದಗಳಿದ್ದವು. ಹೆತ್ತವರ ಮಮತೆಗೆ ಸ್ಟೋರ್ಗೆ, ಗೆಳೆತನಕ್ಕೆ ಫಿಲಿಯ, ಗಂಡು ಹೆಣ್ಣಿನ ಅನುರಾಗಕ್ಕೆ ಎರೋಸ್, ಏನನ್ನೂ ಬಯಸದ ದೈವಿಕ ಪ್ರೀತಿಗೆ ಅಗಾಪೆ. ಇವು ನಾಲ್ಕು ಮೆಟ್ಟಿಲುಗಳು. ಕೆಳಗಿನವನ್ನು ದಾಟಿ ಮೇಲಿನದಕ್ಕೆ ಏರಬೇಕು ಎಂದು ಮುಗಿಸಿದೆ. ಊಟದ ಹೊತ್ತಿನಲ್ಲಿ ವರನ ತಾಯಿ ಬಳಿಗೆ ಬಂದರು. “ಸ್ವಾಮಿ, ಇವರಪ್ಪ ತೀರಿಹೋದ ಮೇಲೆ ಇವನನ್ನು ಸಾಕೋದಕ್ಕೆ ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದೆ. ನೀವು ಹೇಳಿದ ಲೆಕ್ಕದಲ್ಲಿ ನಂದು ಕೆಳಗಿನ ಮೆಟ್ಟಿಲಿನ ಪ್ರೀತಿಯಾ?” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಧ್ಯಾನಕೂಟಗಳಲ್ಲೂ ಪ್ರಬೋಧನೆಗಳಲ್ಲೂ ಮತ್ತೆ ಮತ್ತೆ ಕೇಳಿಬರುವ ಈ ‘ನಾಲ್ಕು ಪ್ರೀತಿ’ಗಳ ಪಾಠವನ್ನು ಅಂದಿನಿಂದ ಹೊಸದಾಗಿ ಪರಿಶೀಲಿಸತೊಡಗಿದೆ.

ಪಾಠದ ಮೊದಲ ಮಾತು ಇಂಗ್ಲಿಷನ್ನು ಕುರಿತದ್ದು. ‘ಲವ್’ ಬಹಳ ದುಡಿದ ಪದವೆಂಬುದು ನಿಜ. ಐಸ್‌ಕ್ರೀಮಿಗೂ ಅದೇ, ಹೆಂಡತಿಗೂ ಅದೇ, ದೇವರಿಗೂ ಅದೇ. ಟೆನ್ನಿಸ್ ಆಟದಲ್ಲಿ ಸೊನ್ನೆ ಅಂಕವನ್ನೂ ‘ಲವ್’ ಎನ್ನುತ್ತಾರೆ. ಹಾಗೆಂದು ಇಂಗ್ಲಿಷ್ ಬಡಭಾಷೆಯೇನಲ್ಲ. ಅಫೆಕ್ಷನ್, ಫಾಂಡ್‌ನೆಸ್, ಅಟ್ಯಾಚ್‌ಮೆಂಟ್, ಡಿವೋಷನ್, ಪ್ಯಾಷನ್, ಚಾರಿಟಿ ಎಂಬ ಪರ್ಯಾಯ ಪದಗಳು ಅದರಲ್ಲಿವೆ. ಇವುಗಳಲ್ಲಿ ‘ಪ್ಯಾಷನ್’ ಎಂಬುದು ಪ್ರೇಮಿಯ ಉತ್ಕಟತೆಗೂ ಸಲ್ಲುತ್ತದೆ, ಪ್ರಭುವಿನ ಯಾತನೆಗೂ ಸಲ್ಲುತ್ತದೆ. ಒಂದು ಪದಕ್ಕೆ ಹಲವು ಅರ್ಥಗಳಿರುವುದು ಭಾಷೆಯ ಕೊರತೆಯಲ್ಲ. ಆಡುವವರು ಯಾರು, ಯಾರೊಡನೆ, ಯಾವ ಹೊತ್ತಿನಲ್ಲಿ ಆಡುತ್ತಿದ್ದಾರೆ ಎಂಬುದರಿಂದ ಅರ್ಥ ತಾನಾಗಿ ತಿಳಿಯಾಗುತ್ತದೆ.

ಎರಡನೆಯ ಮಾತು ಗ್ರೀಕನ್ನು ಕುರಿತದ್ದು. ಅದು ಹೆಚ್ಚು ಜನಪ್ರಿಯವಾದದ್ದು ಆಂಗ್ಲ ಲೇಖಕ ಸಿ. ಎಸ್. ಲೂಯಿಸ್ ಅವರ ‘ದಿ ಫೋರ್ ಲವ್ಸ್’ ಎಂಬ 1960ರ ಪುಸ್ತಕದಿಂದ. ಲೂಯಿಸರಿಗೆ ನ್ಯಾಯ ಸಲ್ಲಬೇಕು. ಕೊಡುವ ಪ್ರೀತಿಯನ್ನು ಮಾತ್ರ ಹೊಗಳಿ, ಬೇಡುವ ಪ್ರೀತಿಯನ್ನು ಕೀಳೆನ್ನಲು ಹೊರಟ ತಮಗೆ ಹಾಗೆ ಮಾಡಲಾಗಲಿಲ್ಲವೆಂದು ಅವರೇ ಪೀಠಿಕೆಯಲ್ಲಿ ಒಪ್ಪಿಕೊಳ್ಳುತ್ತಾರೆ. ಮಾನವ ಪ್ರೀತಿಗಳನ್ನು ಅವರು ತಿರಸ್ಕರಿಸುವುದಿಲ್ಲ. ಅವು ಪ್ರೀತಿಯಾಗಿಯೇ ಉಳಿಯಬೇಕಾದರೆ ದೈವಕೃಪೆಯ ಆಸರೆ ಬೇಕೆನ್ನುತ್ತಾರೆ. ಮೆಟ್ಟಿಲುಗಳ ಭಾವನೆ ಇನ್ನೂ ಕಟುವಾಗಿ ಕಾಣುವುದು ಸ್ವೀಡನ್ನಿನ ಲೂಥರನ್ ದೇವಶಾಸ್ತ್ರಜ್ಞ ಆಂಡೆರ್ಸ್ ನೀಗ್ರೆನ್ ಅವರಲ್ಲಿ. 1930ರ ದಶಕದಲ್ಲಿ ಬಂದ ತಮ್ಮ ಕೃತಿಯಲ್ಲಿ ಅವರು ಎರೋಸ್ ಮತ್ತು ಅಗಾಪೆಗಳನ್ನು ಒಂದಕ್ಕೊಂದು ಎದುರಾಳಿಗಳೆಂಬಂತೆ ನಿಲ್ಲಿಸಿದರು. ಇಬ್ಬರೂ ವಿಸ್ತಾರವಾಗಿ ಬರೆದದ್ದನ್ನು ಐದು ನಿಮಿಷದ ಪ್ರಬೋಧನೆಗೆ ಇಳಿಸುವಾಗ ವಿವೇಚನೆ ಸೋರಿಹೋಗಿ ಪಟ್ಟಿ ಮಾತ್ರ ಉಳಿಯಿತು.

ಆ ಪಟ್ಟಿಯನ್ನು ಪವಿತ್ರ ಗ್ರಂಥದ ಮುಂದಿಟ್ಟು ನೋಡೋಣ. ಎರೋಸ್ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಇಲ್ಲವೇ ಇಲ್ಲ. ಅಗಾಪೆಯಾದರೂ ಸದಾ ಪವಿತ್ರವೇ? ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಪರಮಗೀತೆಯ ನಲ್ಲನಲ್ಲೆಯರ ಒಲವಿಗೆ ಬಳಸಿರುವುದು ಅಗಾಪೆಯನ್ನೇ. ತಂಗಿ ತಾಮಾರಳನ್ನು ಕೆಡಿಸಿದ ಅಮ್ನೋನನ ಕಾಮಕ್ಕೂ ಅದೇ ಪದ. ದೇಮ ಎಂಬವನು ಈ ಲೋಕವನ್ನು ಮೆಚ್ಚಿ ಪೌಲರನ್ನು ತೊರೆದುಹೋದನೆಂದು ತಿಮೊಥೇಯನಿಗೆ ಬರೆದ ಎರಡನೆಯ ಪತ್ರ ಹೇಳುವಾಗಲೂ ಕ್ರಿಯಾಪದ ಅಗಾಪೆಯದೇ. ಪದವು ತನ್ನಷ್ಟಕ್ಕೆ ತಾನೇ ಪವಿತ್ರವಲ್ಲ. ಕ್ರಿಸ್ತರ ಬಾಳು ಮತ್ತು ಶಿಲುಬೆ ಅದಕ್ಕೆ ಹೊಸ ತೂಕ ತಂದುಕೊಟ್ಟವು.

ಸಂತ ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯವನ್ನೂ ಈ ಪಾಠದ ಆಧಾರವಾಗಿ ತೋರಿಸುವುದುಂಟು. ನನ್ನನ್ನು ಪ್ರೀತಿಸುತ್ತೀಯಾ ಎಂದು ಪ್ರಭು ಎರಡು ಸಲ ಅಗಾಪೆಯ ಕ್ರಿಯಾಪದದಿಂದ ಕೇಳುತ್ತಾರೆ. ಪೇತ್ರ ಫಿಲಿಯದ ಕ್ರಿಯಾಪದದಿಂದ ಉತ್ತರಿಸುತ್ತಾನೆ. ಮೂರನೆಯ ಸಲ ಪ್ರಭುವೂ ಪೇತ್ರನ ಪದಕ್ಕೇ ಬರುತ್ತಾರೆ. ಪ್ರಭು ಪೇತ್ರನ ಮಟ್ಟಕ್ಕೆ ಇಳಿದು ಬಂದರೆಂಬ ವಿವರಣೆ ಕೇಳಲು ಹಿತವೇ. ಆದರೆ ತಂದೆ ತಮ್ಮ ಪುತ್ರನನ್ನು ಪ್ರೀತಿಸುವುದನ್ನು ಹೇಳುವಾಗ ಇದೇ ಶುಭಸಂದೇಶ ಮೂರನೆಯ ಅಧ್ಯಾಯದಲ್ಲಿ ಒಂದು ಕ್ರಿಯಾಪದವನ್ನೂ ಐದನೆಯ ಅಧ್ಯಾಯದಲ್ಲಿ ಇನ್ನೊಂದನ್ನೂ ಬಳಸುತ್ತದೆ. ತಂದೆಯ ಪ್ರೀತಿ ನಡುವೆ ಒಂದು ಮೆಟ್ಟಿಲು ಇಳಿಯಿತೆನ್ನಲಾದೀತೇ? ಅದೇ ಸಂಭಾಷಣೆಯಲ್ಲಿ ಮರಿಗಳು ಮತ್ತು ಕುರಿಗಳು, ಮೇಯಿಸು ಮತ್ತು ಕಾಯಿ ಎಂದು ಬೇರೆ ಪದಗಳೂ ಬದಲಾಗುತ್ತವೆ. ಸಮಾನಾರ್ಥಕಗಳನ್ನು ಬದಲಿಸಿ ಬಳಸುವುದು ಯೊವಾನ್ನರ ಶೈಲಿ. ಲ್ಯಾಟಿನ್ ಬೈಬಲಿನ ಆಮೊರ್, ದಿಲೆಕ್ಷಿಯೊ, ಕಾರಿತಾಸ್ ಎಂಬ ಮೂರು ಪದಗಳ ನಡುವೆಯೂ ಇಂಥ ಗೋಡೆಗಳಿಲ್ಲವೆಂದು ಸಂತ ಅಗಸ್ಟೀನರು ‘ದೇವರ ನಗರ’ದ 14ನೆಯ ಪುಸ್ತಕದಲ್ಲಿ ವಾದಿಸಿದ್ದಾರೆ.

ಪದವನ್ನು ಕುರಿತ ಈ ಆತಂಕ ಇಂಗ್ಲಿಷ್ ಬೈಬಲಿನ ಚರಿತ್ರೆಯಲ್ಲೂ ಇದೆ. 1526ರಲ್ಲಿ ವಿಲಿಯಂ ಟಿಂಡೇಲರು ಹೊಸ ಒಡಂಬಡಿಕೆಯನ್ನು ಅನುವಾದಿಸಿದಾಗ ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದಲ್ಲಿ ‘ಲವ್’ ಎಂದು ಬರೆದರು. 1529ರಲ್ಲಿ ಸಂತ ಥಾಮಸ್ ಮೋರರು ಇದನ್ನು ಖಂಡಿಸಿದರು. ಎಲ್ಲ ಬಗೆಯ ಮೋಹಕ್ಕೂ ‘ಲವ್’ ಎನ್ನುವಾಗ ದೈವಿಕ ಪ್ರೀತಿಗೆ ಜನ ಬಳಸುತ್ತ ಬಂದ ‘ಚಾರಿಟಿ’ಯನ್ನು ಕೈಬಿಡುವುದೇಕೆ ಎಂಬುದು ಅವರ ವಾದ. ‘ಚಾರಿಟಿ’ಗೆ ದಾನಧರ್ಮ, ಕರುಣೆ ಮುಂತಾದ ಬೇರೆ ಅರ್ಥಗಳೂ ಸೇರಿವೆ, ದೇವರನ್ನು ‘ಲವ್’ ಮಾಡು ಎನ್ನಬಹುದೇ ಹೊರತು ‘ಚಾರಿಟಿ’ ಮಾಡು ಎನ್ನಲಾಗದು ಎಂಬುದು 1531ರಲ್ಲಿ ಟಿಂಡೇಲರು ಕೊಟ್ಟ ಉತ್ತರ. ಮೋರರ ತಲೆ 1535ರಲ್ಲಿ ಉರುಳಿತು. ಮರುವರ್ಷ ಟಿಂಡೇಲರೂ ಮರಣದಂಡನೆಗೆ ಗುರಿಯಾದರು. ಕಥೋಲಿಕರ 1582ರ ಅನುವಾದ ‘ಚಾರಿಟಿ’ಯನ್ನು ಉಳಿಸಿಕೊಂಡಿತು. ಸೋಜಿಗವೆಂದರೆ 1611ರ ಪ್ರೊಟೆಸ್ಟೆಂಟ್ ಅನುವಾದವೂ ಆ ಅಧ್ಯಾಯದಲ್ಲಿ ‘ಚಾರಿಟಿ’ಯನ್ನೇ ಆರಿಸಿಕೊಂಡಿತು. 1881ರ ಪರಿಷ್ಕರಣೆಯಲ್ಲಿ ‘ಲವ್’ ಮರಳಿತು. 1966ರ ಕಥೋಲಿಕ ಜೆರುಸಲೇಂ ಬೈಬಲಿನಲ್ಲೂ ‘ಲವ್’ ಎಂದೇ ಇದೆ.

ಇಬ್ಬರಲ್ಲಿ ಗೆದ್ದವರು ಯಾರು? ಇಬ್ಬರ ಭಯವೂ ನಿಜವಾಯಿತೆಂದೇ ನನ್ನ ತೀರ್ಮಾನ. ಟಿಂಡೇಲರು ಅಂಜಿದಂತೆ ‘ಚಾರಿಟಿ’ ಕುಗ್ಗಿ ಕಾಣಿಕೆ ಡಬ್ಬಿಯಾಯಿತು. ಪ್ರಿಯವಾದದ್ದು, ಬೆಲೆಯುಳ್ಳದ್ದು ಎಂಬ ಲ್ಯಾಟಿನ್ ಮೂಲದಿಂದ ಬಂದ ಪದ, ಹಳೆಯ ಬಟ್ಟೆ ಕೊಟ್ಟು ಕೈತೊಳೆದುಕೊಳ್ಳುವುದಕ್ಕೂ ಹೆಸರಾಯಿತು. ಮೋರರು ಅಂಜಿದಂತೆ ‘ಲವ್’ ಹಿಗ್ಗಿ ಐಸ್‌ಕ್ರೀಮಿನವರೆಗೂ ಹರಿಯಿತು. ಯಾವ ಪದವೂ ತನ್ನ ಅರ್ಥವನ್ನು ತಾನೇ ಕಾಯ್ದುಕೊಳ್ಳಲಾರದು. ಆಡುವವರು ಅದನ್ನು ಬಾಳದೆ ಹೋದರೆ ಅತ್ಯಂತ ಪವಿತ್ರ ಪದವೂ ಸವೆದು ನಾಣ್ಯದಂತೆ ನುಣುಪಾಗುತ್ತದೆ.

ಪೋಪ್ ಹದಿನಾರನೆಯ ಬೆನೆಡಿಕ್ಟರು 2005ರ ಕ್ರಿಸ್ತಜಯಂತಿಯಂದು ಸಹಿ ಮಾಡಿದ ತಮ್ಮ ಮೊದಲ ಪರಿಪತ್ರದಲ್ಲಿ ಇದೇ ಪದದ ಹಲವು ಅರ್ಥಗಳಿಂದ ಚರ್ಚೆಯನ್ನು ಆರಂಭಿಸುತ್ತಾರೆ. ಏರುವ ಎರೋಸ್ ಮತ್ತು ಇಳಿದುಬರುವ ಅಗಾಪೆಗಳನ್ನು ಪೂರ್ತಿಯಾಗಿ ಬೇರ್ಪಡಿಸಲಾಗದು, ಸದಾ ಕೊಡುತ್ತಲೇ ಇರಲು ಮನುಷ್ಯನಿಂದಾಗದು, ಅವನು ಪಡೆಯಲೂ ಬೇಕು ಎಂಬುದು ಅಲ್ಲಿನ ಸಾರ. ಮೆಟ್ಟಿಲುಗಳ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ತಿದ್ದುಪಡಿ ಬೇಕಿಲ್ಲ.

ನಮ್ಮ ಕನ್ನಡಕ್ಕೆ ಬಂದರೆ ಅಕ್ಕರೆ, ಮಮತೆ, ವಾತ್ಸಲ್ಯ, ಒಲವು, ಅನುರಾಗ, ಸ್ನೇಹ ಎಂಬ ಸಮೃದ್ಧ ಪದರಾಶಿಯಿದೆ. ಆದರೂ ಕೊರಿಂಥಿಯರಿಗೆ ಬರೆದ ಪತ್ರದ ಆ ಅಧ್ಯಾಯಕ್ಕೆ ನಮ್ಮ ಅನುವಾದಕರು ಆರಿಸಿಕೊಂಡದ್ದು ಮನೆಮನೆಯ ‘ಪ್ರೀತಿ’ಯನ್ನು. ಅದು ಸರಿಯಾದ ಆಯ್ಕೆ. ಅಡುಗೆಮನೆಯಲ್ಲಿ ಆಡುವ ಪದವೇ ಬಲಿಪೀಠದ ಬಳಿಯೂ ಕೇಳಿಸಿದರೆ ಎರಡೂ ಒಂದೇ ಬದುಕಿನವು ಎಂಬುದು ಮನದಟ್ಟಾಗುತ್ತದೆ.

ಇನ್ನು ಆ ತಾಯಿಗೆ ನಾನು ಕೊಡಬೇಕಿದ್ದ ಉತ್ತರ. ಸ್ಟೋರ್ಗೆ ಎಂಬ ನಾಮಪದ ಹೊಸ ಒಡಂಬಡಿಕೆಯಲ್ಲಿ ಇಲ್ಲದಿದ್ದರೂ ಅದರಿಂದ ಹುಟ್ಟಿದ ಪದಗಳಿವೆ. ರೋಮನರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಸಂತ ಪೌಲರು ಈ ಮಮತೆ ಇಲ್ಲದಿರುವುದನ್ನು ಪಾಪಗಳ ಪಟ್ಟಿಗೆ ಸೇರಿಸುತ್ತಾರೆ. ಅದೇ ಪತ್ರದ 12ನೆಯ ಅಧ್ಯಾಯದಲ್ಲಿ ಅಗಾಪೆ ನಿಷ್ಕಪಟವಾಗಿರಲಿ ಎಂದು ಹೇಳಿ, ಮರುವಚನದಲ್ಲೇ ಫಿಲಿಯ ಮತ್ತು ಸ್ಟೋರ್ಗೆಗಳನ್ನು ಬೆಸೆದ ಪದವೊಂದನ್ನು ಬಳಸಿ, ವಿಶ್ವಾಸಿಗಳು ಒಂದೇ ಮನೆಯವರಂತೆ ಒಬ್ಬರಿಗೊಬ್ಬರು ಮಮತೆ ತೋರಬೇಕೆನ್ನುತ್ತಾರೆ. ನಾನು ಕೆಳಗಿನ ಮೆಟ್ಟಿಲೆಂದು ಕರೆದದ್ದನ್ನು ಪೌಲರು ಇಡೀ ಧರ್ಮಸಭೆಗೆ ಮಾದರಿಯಾಗಿ ಇಟ್ಟಿದ್ದಾರೆ. ಪ್ರವಾದಿ ಯೆಶಾಯನ 49ನೆಯ ಅಧ್ಯಾಯದಲ್ಲಿ ದೇವರೂ ತಮ್ಮ ಪ್ರೀತಿಯನ್ನು ತಿಳಿಸಲು ಹಾಲೂಡುವ ತಾಯಿಯನ್ನೇ ಹೋಲಿಕೆಗೆ ತರುತ್ತಾರೆ.

ಅಮ್ಮ, ನೀವು ಇಪ್ಪತ್ತು ವರ್ಷ ತುಳಿದದ್ದು ಕೆಳಗಿನ ಮೆಟ್ಟಿಲನ್ನಲ್ಲ. ಅಂದು ಹೇಳಲಾಗದ ಈ ಮಾತನ್ನು ಇಂದು ಬರೆದು ಒಪ್ಪಿಸುತ್ತಿದ್ದೇನೆ. ಆ ಹಳೆಯ ಟಿಪ್ಪಣಿಯನ್ನು ನಾನು ಮತ್ತೆ ಬಳಸಿಲ್ಲ.