ಟ್ಯೂಬಾ ವಾದ್ಯದ ಆಯ್ಕೆ: ಒಂದು ವಿಮರ್ಶೆ

ಪಾಶ್ಚಾತ್ಯ ವಾದ್ಯವೃಂದದಲ್ಲಿ ನಿತ್ಯವೂ ಬಳಕೆಯಲ್ಲಿರುವ ಹಿತ್ತಾಳೆ ವಾದ್ಯಗಳ ಪೈಕಿ ಟ್ಯೂಬಾ ವಯಸ್ಸಿನಲ್ಲಿ ಕಿರಿಯದು, ಗಾತ್ರದಲ್ಲಿ ಹಿರಿಯದು. ಇದನ್ನು ಕೊಳ್ಳುವವರಿಗೆ ಸಲಹೆ ನೀಡುವವರು ಸಾಮಾನ್ಯವಾಗಿ ಶ್ರುತಿ, ಕವಾಟಗಳ ಸಂಖ್ಯೆ, ಲೋಹ ಎಂಬ ಮೂರು ಅಂಶಗಳನ್ನು ಹೋಲಿಸಿ, ಶ್ರೇಷ್ಠವಾದುದು ಇಂಥದೆಂದು ತೀರ್ಮಾನಿಸುವುದುಂಟು. ಈ ಕ್ರಮದಲ್ಲಿ ಒಂದು ಮೂಲದೋಷವಿದೆ. ಯಾವ ಸಂಗೀತಕ್ಕಾಗಿ ಎಂಬ ಪ್ರಶ್ನೆಯನ್ನು ಕೈಬಿಟ್ಟು ವಾದ್ಯದ ಯೋಗ್ಯತೆಯನ್ನು ನಿರ್ಣಯಿಸುವುದು, ಕಾಲದೇಶಗಳನ್ನು ಗಣಿಸದೆ ಶಾಸನವನ್ನು ಓದಿದಂತೆಯೇ ಸರಿ.

1835ರಲ್ಲಿ ಬರ್ಲಿನ್ನಿನ ವೀಪ್ರೆಖ್ಟ್ ಮತ್ತು ಮೋರಿಟ್ಸ್ ಎಂಬವರು ಹಕ್ಕುಪತ್ರ ಪಡೆದ ಮೊದಲ ಟ್ಯೂಬಾ ಎಫ್ ಶ್ರುತಿಯದು. ಅದಕ್ಕೆ ಐದು ಕವಾಟಗಳಿದ್ದವು. ಮುಂದೆ ಬೇರೆ ಬೇರೆ ನಾಡುಗಳು ತಮ್ಮ ತಮ್ಮ ಅಗತ್ಯಕ್ಕೆ ಬೇರೆ ಬೇರೆ ಶ್ರುತಿಗಳನ್ನು ಆರಿಸಿಕೊಂಡವು. ಜರ್ಮನಿಯ ವೃಂದಗಳಲ್ಲಿ ಎಫ್ ಮತ್ತು ಬಿ-ಫ್ಲ್ಯಾಟ್, ಅಮೆರಿಕದ ವೃಂದಗಳಲ್ಲಿ ಸಿ, ಇಂಗ್ಲೆಂಡಿನ ಹಿತ್ತಾಳೆ ವಾದ್ಯಮೇಳಗಳಲ್ಲಿ ಇ-ಫ್ಲ್ಯಾಟ್ ಮತ್ತು ಬಿ-ಫ್ಲ್ಯಾಟ್ ರೂಢಿಗೆ ಬಂದವು. ಎಫ್ ವಾದ್ಯದ ಕೊಳವೆಯ ಉದ್ದ ಸುಮಾರು 12 ಅಡಿ, ಇ-ಫ್ಲ್ಯಾಟಿನದು 13, ಸಿ ವಾದ್ಯದ್ದು 16, ಬಿ-ಫ್ಲ್ಯಾಟಿನದು 18. ಉದ್ದ ಹೆಚ್ಚಿದಂತೆ ಮಂದ್ರಸ್ವರಗಳಿಗೆ ಆಧಾರ ಹೆಚ್ಚುತ್ತದೆ. ಮೇಲಿನ ಸ್ವರಗಳನ್ನು ಖಚಿತವಾಗಿ ಹಿಡಿಯುವುದು ಕಷ್ಟವಾಗುತ್ತದೆ.

ಕವಾಟಗಳ ಸಂಖ್ಯೆಯೂ ಕೇವಲ ಆಡಂಬರವಲ್ಲ. ಮೂರು ಕವಾಟಗಳನ್ನು ಒಟ್ಟಿಗೆ ಒತ್ತಿದಾಗ ಕೂಡಿಕೊಳ್ಳುವ ಕೊಳವೆಯ ಉದ್ದ ಸಾಲದೆ ಸ್ವರವು ಏರಿ ನಿಲ್ಲುತ್ತದೆ. ಈ ಕೊರತೆಯನ್ನು ನಾಲ್ಕನೆಯ, ಐದನೆಯ ಕವಾಟಗಳು ಬಹುಮಟ್ಟಿಗೆ ಸರಿಪಡಿಸುತ್ತವೆ.

ಲೋಹದ ವಿಷಯದಲ್ಲಿ ಮಾತ್ರ ಪ್ರಚಾರವು ಪ್ರಮಾಣವನ್ನು ಮೀರಿದೆ. ಬೆಲ್ ಎನಿಸಿಕೊಳ್ಳುವ ಅಗಲಬಾಯಿಯನ್ನು ಶೇಕಡ 70 ತಾಮ್ರ, 30 ಸತುವುಳ್ಳ ಹಳದಿ ಹಿತ್ತಾಳೆಯಿಂದ ಮಾಡುವುದು ವಾಡಿಕೆ. ತಾಮ್ರವನ್ನು ಶೇಕಡ 85ರಷ್ಟಕ್ಕೆ ಏರಿಸಿದರೆ ನಾದವು ಗಂಭೀರವಾಗುವುದೆಂದು ಅನೇಕ ವಾದಕರು ನಂಬುತ್ತಾರೆ. ಅವರ ಅನುಭವವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನಾದವನ್ನು ಮುಖ್ಯವಾಗಿ ರೂಪಿಸುವುದು ಕೊಳವೆಯೊಳಗಿನ ಗಾಳಿಯ ಕಂಬ. ಅದರ ಆಕಾರವನ್ನು ನಿರ್ಧರಿಸುವುದು ಕೊಳವೆಯು ಹಿಗ್ಗುತ್ತ ಹೋಗುವ ಪ್ರಮಾಣ. ಲೋಹದ ಪ್ರಭಾವವು ಇದಕ್ಕೆ ಹೋಲಿಸಿದರೆ ಅಲ್ಪ. ಕಣ್ಣಿಗೆ ಕಾಣುವ ಬಣ್ಣವನ್ನು ಕಿವಿಯು ಕೇಳಿದೆನೆಂದು ಭ್ರಮಿಸುವ ಸಂಭವವೂ ಇಲ್ಲದಿಲ್ಲ.

ಆಯ್ಕೆಯು ತಪ್ಪಿದರೆ ಕೃತಿಗೆ ಆಗುವ ಹಾನಿಗೆ ಒಂದು ನಿದರ್ಶನವನ್ನು ನೋಡಬಹುದು. ಮುಸೋರ್ಗ್‌ಸ್ಕಿಯು 1874ರಲ್ಲಿ ಪಿಯಾನೊಗೆ ರಚಿಸಿದ ಚಿತ್ರಮಾಲಿಕೆಯನ್ನು ರಾವೆಲನು 1922ರಲ್ಲಿ ವಾದ್ಯವೃಂದಕ್ಕೆ ಅಳವಡಿಸಿದನು. ಅದರಲ್ಲಿ ಎತ್ತಿನ ಬಂಡಿಯನ್ನು ಚಿತ್ರಿಸುವ 'ಬಿಡ್ಲೊ' ಭಾಗದ ರಾಗವನ್ನು ಅವನು ಟ್ಯೂಬಾಕ್ಕೆ ಒಪ್ಪಿಸಿದನು. ಅವನ ಮನಸ್ಸಿನಲ್ಲಿದ್ದುದು ಆರು ಕವಾಟಗಳುಳ್ಳ, ಸುಮಾರು 8 ಅಡಿ ಕೊಳವೆಯ ಫ್ರೆಂಚ್ ಸಿ ಟ್ಯೂಬಾ. ಇಂದಿನ 16 ಅಡಿಯ ಸಿ ವಾದ್ಯಕ್ಕೆ ಹೆಸರೂ ಶ್ರುತಿಯೂ ಅದೇ. ಆದರೆ ಆ ಎತ್ತರದ ಸ್ವರಗಳು ಇದಕ್ಕೆ ಸಹಜವಲ್ಲ. ಭಾರ ಎಳೆಯುವ ಎತ್ತುಗಳ ಶ್ರಮವು ಕೇಳಬೇಕಾದಲ್ಲಿ ವಾದಕನ ಶ್ರಮವೇ ಕೇಳಿಬರುವ ಅಪಾಯವಿದೆ. ಈ ಕಾರಣದಿಂದಲೇ ಹಲವು ವೃಂದಗಳು ಆ ಭಾಗವನ್ನು ಯುಫೋನಿಯಮಿಗೋ ಎಫ್ ಟ್ಯೂಬಾಕ್ಕೋ ವಹಿಸುತ್ತವೆ.

ಒಂದೇ ವಾದ್ಯವನ್ನು ಕೊಳ್ಳಬಲ್ಲ ವಿದ್ಯಾರ್ಥಿಗೆ ಇಷ್ಟೆಲ್ಲ ವಿವೇಚನೆ ದುಬಾರಿಯೆಂದು ಆಕ್ಷೇಪಿಸಬಹುದು. ವಾಸ್ತವವಾಗಿ ಇದರ ಅಗತ್ಯ ಹೆಚ್ಚಾಗಿರುವುದು ಅವನಿಗೇ. ತಪ್ಪಿದರೆ ಎರಡನೆಯ ಅವಕಾಶವು ಅವನಿಗೆ ಸುಲಭವಾಗಿ ದೊರೆಯದು. ತಾನು ಕುಳಿತು ನುಡಿಸಬೇಕಾದ ಮೇಳವನ್ನೂ ಅದರ ಕೃತಿಗಳನ್ನೂ ಅವನು ಮೊದಲು ತಿಳಿಯಲಿ. ಬಳಿಕ ಶ್ರುತಿಯನ್ನೂ ಕವಾಟಗಳನ್ನೂ ಗೊತ್ತುಮಾಡಿಕೊಂಡು, ವಾದ್ಯವನ್ನು ಸ್ವತಃ ಊದಿ ಪರೀಕ್ಷಿಸಲಿ. ಲೋಹದ ವಿಚಾರವನ್ನು ಕೊನೆಗೆ ಇಟ್ಟುಕೊಂಡರೆ ನಷ್ಟವಿಲ್ಲ.