ಸೆರೆಯಲ್ಲಿದ್ದ ಮುದ್ದೆ

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನಾನು ಹಲವು ವರ್ಷ ಪಾಠ ಹೇಳಿದವನು. ಬತ್ತ ಮೇಲೋ ರಾಗಿ ಮೇಲೋ ಎಂಬ ವಾದ. ರಾಮನ ಅಪ್ಪಣೆಯಂತೆ ಎರಡಕ್ಕೂ ೬ ತಿಂಗಳ ಸೆರೆ. ಬತ್ತ ಸೊರಗಿತು, ರಾಗಿ ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನೇ ಪಡೆಯಿತು. ವಿಮರ್ಶಕರು ಇದರಲ್ಲಿ ಉಳ್ಳವರ ಮತ್ತು ಇಲ್ಲದವರ ಜಗಳವನ್ನು ಕಂಡಿದ್ದಾರೆ. ಅದು ಸರಿಯೇ. ಆದರೆ ಆ ಜಗಳ ಹುಟ್ಟಿದ್ದು ಆಶ್ರಮದ ಆತಿಥ್ಯದ ನಡುವೆ. ಹೀಗಿದ್ದೂ ತೀರ್ಪಿನಲ್ಲಿರುವುದು ಬಾಳಿಕೆಯ ಮಾತೇ ಹೊರತು ರುಚಿಯ ಮಾತಲ್ಲ. ಕಾವ್ಯದ ಈ ಕೊರತೆ ನನಗೆ ತಿಳಿದದ್ದು ಮನೆಯಲ್ಲಿ.

ಈಚೆಗೆ ತಿಪಟೂರಿನ ನಮ್ಮ ಮನೆಗೆ ಬೆಂಗಳೂರಿನ ಸ್ನೇಹಿತರು ಬಂದಿದ್ದರು. ಮನೆಮಂದಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಅತಿಥಿಗಳಿಗೆಂದು ನಾನು ಅನ್ನ, ತಿಳಿಸಾರು ಮಾಡಿಸಿದ್ದೆ. ಎಲೆಯ ಮುಂದೆ ಕುಳಿತ ಗೆಳೆಯನೊಬ್ಬ ಅಡಿಗೆಮನೆಯತ್ತ ಮುಖಮಾಡಿ, “ಆ ಘಮಘಮ ಯಾರಿಗಯ್ಯ? ಅದನ್ನು ಬಡಿಸು” ಎಂದ. ಮುದ್ದೆ ಹೊರಗೆ ಬಂತು. ಕಾಯಿ ತುರಿದು ಹಾಕಿದ ಪಲ್ಯವೂ ಬಂತು. ಮಾತು ನಿಂತಿತು, ಅನ್ನ ಪಾತ್ರೆಯಲ್ಲೇ ಉಳಿಯಿತು.

ತರಗತಿಯಲ್ಲಿ ರಾಗಿಯ ಪರವಾಗಿ ವಾದಿಸಿದ ನಾನೇ ಮನೆಯಲ್ಲಿ ಅದನ್ನು ಸೆರೆಯಲ್ಲಿಟ್ಟಿದ್ದೆ! ಬಿಡಿಸಲು ರಾಮನು ಬರಬೇಕಾಗಲಿಲ್ಲ. ಹಸಿದ ಗೆಳೆಯನೊಬ್ಬ ಸಾಕಾದ.