ಅವ್ವನ ಪಗಾರ ಯಾರು ಕೊಡುತ್ತಾರೆ?

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಮುಂಜಾನೆ ನಿಂತರೆ ಅವರು ಕಾಣುತ್ತಾರೆ. ತಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ಸಿಗೆ ಬಂದ ಅವ್ವಂದಿರು. ಬಗಲಲ್ಲಿ ಎಂಟು-ಹತ್ತು ವರ್ಷದ, ನಡೆಯಲಾರದ ಕೂಸು. ಕೈಚೀಲದಲ್ಲಿ ದವಾಖಾನೆಯ ಹಳೇ ಚೀಟಿಗಳು. "ಹೆಂಗೈತ್ರಿ ಯಕ್ಕಾ ಕೂಸು?" ಎಂದು ಕೇಳಿದರೆ ಒಬ್ಬಾಕೆ ಹೇಳಿದಳು: "ಕೂಸು ಹಂಗ ಐತಿ ತಮ್ಮಾ. ಇವತ್ತಿನ ಕೂಲಿ ಹೋತು ನೋಡು."

ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ 'ಎಣ್ಮಕಜೆ'ಯನ್ನು (2009) ಚರ್ಚಿಸುವಾಗ ಈ ಮಾತು ನಮ್ಮನ್ನು ಬಿಡಲಿಲ್ಲ. ಎಣ್ಮಕಜೆ ಕಾಸರಗೋಡಿನ ಒಂದು ಪಂಚಾಯತಿ. ಕನ್ನಡ, ತುಳು ಮಾತಾಡುವ ಜನ. ಅಲ್ಲಿನ ಗೇರುತೋಟಗಳ ಮೇಲೆ ಕೇರಳದ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿಸಿತು. ಗಡಿಯ ಈಚೆ, ಬೆಳ್ತಂಗಡಿಯ ಕೊಕ್ಕಡದ ಗೇರುತೋಟಗಳಿಗೂ ಇದೇ ವಿಷ ಬಿತ್ತು.

ಮಕ್ಕಳು ಹೀಗೇಕೆ ಹುಟ್ಟಿದವು? ಜಟಾಧಾರಿ ದೈವದ ಮುನಿಸು ಎಂದು ಕಾದಂಬರಿಯ ಊರು ನಂಬುತ್ತದೆ. ನಮ್ಮ ಕಡೆಯೂ ಅಷ್ಟೇ: ಕರ್ಮ, ಹಣೇಬರಹ, ಹಡೆದಾಕಿಯ ಪಾಪ. ಕಾದಂಬರಿ ಈ ಸುಳ್ಳನ್ನು ಒಡೆಯುತ್ತದೆ. ದೈವದ ಕಡೆ ತೋರಿದ ಬೆರಳನ್ನು ಹೆಲಿಕಾಪ್ಟರಿನ ಕಡೆ ತಿರುಗಿಸುತ್ತದೆ. ಪಾಪ ಹಡೆದವರದಲ್ಲ, ಸುರಿಸಿದವರದು. ಇಷ್ಟು ಹೇಳಿದ್ದಕ್ಕೇ ಇದು ನಮ್ಮ ಪುಸ್ತಕ.

ಆದರೂ ನಮ್ಮದೊಂದು ತಕರಾರು ಇದೆ. ಇಲ್ಲಿ ರೋಗಿ ಕೂಸನ್ನು ಸಾಕುವ ನೀಲಕಂಠನ್, ದೇವಯಾನಿ ಸಮಾಜಕ್ಕೆ ಬೆನ್ನು ತಿರುಗಿಸಿ ಕಾಡು ಸೇರಿದವರು. ಕೂಸು ಅವರು ಹಡೆದದ್ದಲ್ಲ. ಅವರ ಕರುಣೆ ದೊಡ್ಡದು, ಒಪ್ಪೋಣ. ಆದರೆ ಬೆಳಗಾದರೆ ಕೂಲಿಗೆ ಹೋಗಲೇಬೇಕಾದ ಹಡೆದವರ ಮಾತೇನು? ಅವರಿಗೆ ಬೆನ್ನು ತಿರುಗಿಸಲು ಕಾಡಿಲ್ಲ. ಗಂಡ-ಹೆಂಡತಿಯಲ್ಲಿ ಒಬ್ಬರು ಕೂಸಿನ ಹತ್ತಿರ ಕೂತರೆ ಮನೆಗೆ ಬರುವುದು ಅರ್ಧ ಹಿಟ್ಟು. ಇಬ್ಬರೂ ಹೋದರೆ ಕೂಸಿಗೆ ಬಾಯಿಗೆ ನೀರಿಲ್ಲ. ಈ ಲೆಕ್ಕವನ್ನು ಕಾದಂಬರಿಯ ನಡುವಿಗೇ ತಂದಿದ್ದರೆ ಅದರ ಸಿಟ್ಟು ಇನ್ನೂ ಹರಿತವಾಗುತ್ತಿತ್ತು.

ಇದು ಒಬ್ಬ ಲೇಖಕರ ಕೊರತೆಯಲ್ಲ. ನಮ್ಮ ಕವಿಗಳೂ, ನಾವೂ ಸೇರಿ, ಅವ್ವನನ್ನು ಭೂಮಿತಾಯಿ, ಸಹನೆಯ ಮೂರ್ತಿ ಎಂದು ಹಾಡಿದ್ದೇವೆ. ಸಹನೆಯನ್ನು ಹೊಗಳುವುದು ವ್ಯವಸ್ಥೆಗೆ ಬಲು ಅಗ್ಗದ ಬಾಬತ್ತು. ದೇವತೆಗೆ ಪಗಾರ ಕೊಡಬೇಕಿಲ್ಲವಲ್ಲ!

ಕಾಸರಗೋಡಿನ ತಾಯಂದಿರು ಮಾತ್ರ ಮೂರ್ತಿಗಳಾಗಿ ಕೂರಲಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಎಂಡೋಸಲ್ಫಾನನ್ನು ತಡೆಯಿತು. 2017ರಲ್ಲಿ ಪ್ರತಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಿ ಎಂದಿತು. ಕೊಡಲಿಲ್ಲ. 2019ರಲ್ಲಿ ತಾಯಂದಿರು ಮಕ್ಕಳೊಂದಿಗೆ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಕೂತರು. 2022ರಲ್ಲಿ ಕೋರ್ಟು ಮತ್ತೆ ಗದರಿಸಿದಾಗಲೂ, 3,704 ಸಂತ್ರಸ್ತರಲ್ಲಿ ಆ ಹಣ ಮುಟ್ಟಿದ್ದು ಕೋರ್ಟಿನ ಬಾಗಿಲು ಬಡಿದ ಎಂಟು ಜನಕ್ಕೆ ಮಾತ್ರ. ಉಳಿದವರಿಗೆ ಹಣ ಹೊರಟದ್ದು ಆಮೇಲೆ.

ಕೊಕ್ಕಡ, ಕೊಯ್ಲದಲ್ಲಿ ಇಂಥ ಮಕ್ಕಳಿಗಾಗಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಹಗಲು ಕೂಸನ್ನು ನೋಡುವವರಿದ್ದರೆ ಅವ್ವ ಕೂಲಿಗೆ ಹೋಗಬಲ್ಲಳು. ನಮ್ಮ ನೂರು ತಾಯಿಪದ್ಯಗಳಿಗಿಂತ ಅಂಥ ಒಂದು ಕೋಣೆ ದೊಡ್ಡದು.

ಹಾಗಾದರೆ ಪದ್ಯ ಬೇಡವೇ? ಬೇಕು, ಗೆಳೆಯರೇ. ಆದರೆ ಮುಂದೆ ಬರೆಯುವ ಪದ್ಯದಲ್ಲಿ ಅವ್ವನ ಕಣ್ಣೀರಿನ ಜೊತೆಗೆ ಅವಳ ತಪ್ಪಿಹೋದ ಕೂಲಿದಿನಗಳೂ ಇರಲಿ. ಎಷ್ಟು ದಿನ, ಎಷ್ಟು ರೂಪಾಯಿ, ಯಾರ ಬಾಕಿ? ಸ್ಟೇಷನ್ ರಸ್ತೆಯ ಆ ಯಕ್ಕ ನಮ್ಮನ್ನು ಮರುಕ ಕೇಳಲಿಲ್ಲ. ಲೆಕ್ಕ ಹೇಳಿದಳು.